ದೇಶ ಬೆಳೆಯುತ್ತಿದೆ ಅಂತಾರೆ, ನಮ್ಮ ಹುಡುಗನಿಗೆ ಕೆಲಸ ಯಾಕೆ ಸಿಗುತ್ತಿಲ್ಲ?

ಹಾವೇರಿ ಮಣ್ಣು
ಯುಗಾದಿಗೆ ಊರಿಗೆ ಹೋಗಿ ಬಂದೆ. ಅವತ್ತಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ನಮ್ಮದು ಬ್ಯಾಡಗಿ ಹತ್ತಿರದ ಸಣ್ಣ ಹಳ್ಳಿ. ಅಣ್ಣನ ಮಗ ಐಟಿಐ ಮುಗಿಸಿದ್ದಾನೆ, ಫಿಟ್ಟರ್ ಟ್ರೇಡ್. ಆಮೇಲೆ ಬಿ.ಎ. ಕೂಡ ಮಾಡಿದ. ಈಗ ಮೂರು ವರ್ಷದಿಂದ ಧಾರವಾಡದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದಾನೆ. ಪಿಡಿಒ, ಎಫ್‌ಡಿಎ, ಪೊಲೀಸ್, ಯಾವುದಕ್ಕೆ ಕರೆದರೂ ಅರ್ಜಿ ಹಾಕುತ್ತಾನೆ. ವಯಸ್ಸು 27. ಸುಗ್ಗಿ ಬಂದರೆ ಊರಿಗೆ ಬಂದು ಗೋವಿನಜೋಳದ ರಾಶಿ ಮಾಡಿಸಿ ಮತ್ತೆ ಹೋಗುತ್ತಾನೆ.

ನಮ್ಮ ಅಜ್ಜನಿಗೆ 16 ಎಕರೆ ಇತ್ತು. ಅಪ್ಪನ ಪಾಲಿಗೆ 8 ಬಂತು. ಅಣ್ಣನಿಗೆ 4. ಅವನಿಗೆ ಇಬ್ಬರು ಗಂಡುಮಕ್ಕಳು. ಎರಡು ಎಕರೆ ಒಣಬೇಸಾಯ ನಂಬಿ ಯಾರು ಹೆಣ್ಣು ಕೊಡ್ತಾರೆ ಅಂತ ಅತ್ತಿಗೆ ಕಣ್ಣೀರು ಹಾಕಿದರು.

ಟಿವಿ ಹಾಕಿದರೆ ನಮ್ಮದು ಜಗತ್ತಿನ ದೊಡ್ಡ ಐದು ಆರ್ಥಿಕತೆಗಳಲ್ಲಿ ಒಂದು ಅಂತ ಬರುತ್ತದೆ. ನನಗೆ ನಿಜವಾಗಿ ಅರ್ಥವಾಗಬೇಕು. ಈ ದೇಶದ ದೊಡ್ಡ ತೊಂದರೆ ಯಾವುದು? ಬೆಲೆ ಏರಿಕೆಯಾ, ಸಾಲವಾ, ರೂಪಾಯಿ ಬೀಳುತ್ತಿರುವುದಾ, ಅಥವಾ ನಮ್ಮ ಮನೆಯಲ್ಲಿ ಕಂಡದ್ದೇನಾ? ತಿಳಿದವರು ಹೇಳಿ.

ಲೆಕ್ಕದ ಮೇಷ್ಟ್ರು
ನಿಮ್ಮ ಮನೆಯಲ್ಲಿ ಕಂಡದ್ದೇ ದೊಡ್ಡದು. ಅಜ್ಜನಿಂದ ಮೊಮ್ಮಗನವರೆಗೆ ಹೊಲ ಹರಿದು ಹಂಚಿಹೋದ ಕಥೆ ಇಡೀ ದೇಶದ್ದು. 1970-71ರ ಕೃಷಿ ಗಣತಿಯಲ್ಲಿ ಸರಾಸರಿ ಹಿಡುವಳಿ 2.28 ಹೆಕ್ಟೇರ್ ಇತ್ತು. 2015-16ರ ಗಣತಿಯಲ್ಲಿ 1.08. ಅರ್ಧಕ್ಕಿಂತಲೂ ಕಡಿಮೆ.

ನೂರು ಜನ ದುಡಿಯುವ ಒಂದು ಊರು ಅಂದುಕೊಳ್ಳಿ. ಊರಿನ ಗಳಿಕೆ ನೂರು ರೂಪಾಯಿ. 46 ಜನ ಹೊಲದಲ್ಲಿದ್ದಾರೆ. ಅವರಿಗೆ ಬರುವುದು ಸುಮಾರು 18 ರೂಪಾಯಿ. ಉಳಿದ 54 ಜನಕ್ಕೆ 82 ರೂಪಾಯಿ. ಅಂದರೆ ಹೊಲದಲ್ಲಿರುವವನಿಗೆ ತಲೆಗೆ 40 ಪೈಸೆಯೂ ಇಲ್ಲ, ಹೊರಗಿರುವವನಿಗೆ ಒಂದೂವರೆ ರೂಪಾಯಿ. ನಮ್ಮ ದೇಶದ ಇವತ್ತಿನ ಲೆಕ್ಕ ಹೆಚ್ಚುಕಡಿಮೆ ಇದೇ.

ದೇಶ ಬೆಳೆದ ಹಾಗೆ ಆ 46 ಕಡಿಮೆಯಾಗಬೇಕು, ಅಲ್ವಾ? ಆಗುತ್ತಲೂ ಇತ್ತು. ಕೇಂದ್ರ ಸರ್ಕಾರದ ಉದ್ಯೋಗ ಸಮೀಕ್ಷೆಯ ಪ್ರಕಾರ 2018-19ರಲ್ಲಿ ಶೇ 42.5ಕ್ಕೆ ಇಳಿದಿತ್ತು. ಕೊರೊನಾ ಬಂತು, ಜನ ಊರಿಗೆ ಮರಳಿದರು. 2023-24ರಲ್ಲೂ ಶೇ 46.1. ನನಗೆ ಆತಂಕ ಹುಟ್ಟಿಸುವುದು ಇದು.

ಬಿಟಿಎಂ ಹುಡುಗ
ಮೇಷ್ಟ್ರೇ, ಅದೇ ಸಮೀಕ್ಷೆಯಲ್ಲಿ ನಿರುದ್ಯೋಗ ಶೇ 3.2 ಅಂತಲೂ ಇದೆ. 2017-18ರಲ್ಲಿ ಶೇ 6.1 ಇತ್ತು. ಅಂದರೆ ಅರ್ಧಕ್ಕೆ ಇಳಿದಿದೆ. ಬೇಕಾದ ಅಂಕಿ ಮಾತ್ರ ತೆಗೆದುಕೊಳ್ಳಬೇಡಿ.

ಲೆಕ್ಕದ ಮೇಷ್ಟ್ರು
ಅಂಕಿ ಸರಿ ಇದೆ. ಅದು ಏನನ್ನು ಎಣಿಸುತ್ತದೆ ಅಂತ ನೋಡಬೇಕು. ಮನೆಯ ಹೊಲದಲ್ಲಿ, ಮನೆಯ ಅಂಗಡಿಯಲ್ಲಿ ಸಂಬಳವಿಲ್ಲದೆ ಕೈ ಜೋಡಿಸಿದರೂ ಅದು ಕೆಲಸವೇ. ವರ್ಷದ ಲೆಕ್ಕದಲ್ಲಿ 30 ದಿನ ಅಂಥ ಕೆಲಸ ಮಾಡಿದರೂ ಉದ್ಯೋಗದಲ್ಲಿದ್ದವರ ಪಟ್ಟಿಗೆ ಸೇರಬಹುದು. ಸುಗ್ಗಿಗೆ ಬಂದು ಹೋಗುವ ಆ ಹುಡುಗ ಯಾವ ಪಟ್ಟಿಯಲ್ಲಿರಬಹುದು ಯೋಚಿಸಿ. ಇನ್ನು 15ರಿಂದ 29 ವಯಸ್ಸಿನವರನ್ನು ಮಾತ್ರ ತೆಗೆದುಕೊಂಡರೆ ಅದೇ ಸಮೀಕ್ಷೆ ಶೇ 10.2 ಅನ್ನುತ್ತದೆ. ಬಡವರು ಸುಮ್ನೆ ಕೂರಲು ಆಗುವುದಿಲ್ಲ. ಸಿಕ್ಕಿದ್ದು ಮಾಡುತ್ತಾರೆ. ಹಾಗಾಗಿ ಕೆಲಸ ಇದೆಯಾ ಅನ್ನುವುದಕ್ಕಿಂತ ಎಂಥ ಕೆಲಸ ಅಂತ ಕೇಳಬೇಕು.

ಬಿಟಿಎಂ ಹುಡುಗ
ಸರಿ, ಒಪ್ಪಿದೆ. 10.2 ನನಗೆ ಗೊತ್ತಿರಲಿಲ್ಲ.

ಪೀಣ್ಯ ಲೇತ್
ನಾನು ಕೆಲಸ ಕೊಡುವ ಕಡೆಯವನು. ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್, 14 ಜನ. ಕೆಲಸ ಇಲ್ಲ ಅಂತೀರಿ, ನನಗೆ ಫಿಟ್ಟರ್ ಸಿಗದೆ ಎಂಟು ತಿಂಗಳಾಯಿತು. ಎರಡು ಮಷಿನ್ ನಿಂತಿವೆ. ಬರುವ ಹುಡುಗರು ಎರಡು ತಿಂಗಳು ಇದ್ದು ಬೈಕ್ ತಗೊಂಡು ಡೆಲಿವರಿಗೆ ಹೋಗ್ತಾರೆ. ನಿಮ್ಮ ಅಣ್ಣನ ಮಗ ಫಿಟ್ಟರ್ ಅಂತೀರಿ, ಮೂರು ವರ್ಷ ರೂಮಲ್ಲಿ ಕೂತು ಓದೋದು ಬಿಟ್ಟು ಬರಬಹುದಿತ್ತು ಅಲ್ವಾ? ಎಲ್ಲರಿಗೂ ಸರ್ಕಾರಿ ಕುರ್ಚಿನೇ ಬೇಕು ಅಂದರೆ ದೇಶ ಹೇಗೆ ನಡೆಯಬೇಕು?

ಗದಗ ಗಾಳಿ
ಎಷ್ಟು ಕೊಡ್ತೀರಿ ಸರ್? ಅದನ್ನು ಹೇಳದೆ ಹುಡುಗರನ್ನು ಬೈಯಬೇಡಿ.

ನಾನು ಎರಡು ವರ್ಷ ಬೆಂಗಳೂರಿನ ಒಂದು ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿದ್ದೆ. ಕೈಗೆ 13,500. ನಾಲ್ಕು ಜನ ಸೇರಿ ಒಂದು ರೂಮ್, ನನ್ನ ಪಾಲು 2,500. ಊಟಕ್ಕೆ 4,500. ಬಸ್ಸು, ಫೋನು, ಔಷಧಿ ಕಳೆದು ಮನೆಗೆ ಕಳಿಸುತ್ತಿದ್ದದ್ದು 3,000. ಹಬ್ಬಕ್ಕೆ ಊರಿಗೆ ಹೋದ ತಿಂಗಳು ಅದೂ ಇಲ್ಲ. ಕಂಟ್ರಾಕ್ಟರ್ ಮೂಲಕ ಸೇರಿದ್ದರಿಂದ ಎರಡು ವರ್ಷ ದುಡಿದರೂ ನನ್ನ ಹೆಸರು ಫ್ಯಾಕ್ಟರಿಯ ಪುಸ್ತಕದಲ್ಲೇ ಇರಲಿಲ್ಲ. ಊರಲ್ಲಿ ಇದ್ದಿದ್ದರೆ ಬಾಡಿಗೆ ಇಲ್ಲ, ಮನೆ ಊಟ. ಅದಕ್ಕೇ ವಾಪಸ್ ಬಂದೆ. ಸೋಮಾರಿ ಆಗಿ ಬರಲಿಲ್ಲ.

ಪೀಣ್ಯ ಲೇತ್
ನಿಮ್ಮ ಮಾತು ತಳ್ಳಿಹಾಕುವುದಿಲ್ಲ. ನಾನು 17,000 ಕೊಡುತ್ತೇನೆ, ಪಿಎಫ್, ಇಎಸ್‌ಐ ಬೇರೆ. ಓವರ್‌ಟೈಮ್ ಇದ್ದರೆ ಅದೂ ಸೇರುತ್ತದೆ. ಇದಕ್ಕಿಂತ ಜಾಸ್ತಿ ಯಾಕೆ ಕೊಡಲು ಆಗುವುದಿಲ್ಲ ಅಂತ ಹೇಳುತ್ತೇನೆ ಕೇಳಿ.

ನನ್ನ ಹತ್ತಿರ ಮಾಲು ತೆಗೆದುಕೊಳ್ಳುವುದು ದೊಡ್ಡ ಕಂಪನಿ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರಲ್ಲೇ ಕಾನೂನು ಬಂದಿದೆ. ನನಗೆ ಬರುವುದು 110 ದಿನಕ್ಕೆ, ಒಮ್ಮೊಮ್ಮೆ 140. ಅಲ್ಲಿಯವರೆಗೆ ಸಂಬಳ, ಕರೆಂಟ್ ಬಿಲ್ಲು, ಉಕ್ಕಿನ ದುಡ್ಡು ಎಲ್ಲ ಬ್ಯಾಂಕಿನ ಓವರ್‌ಡ್ರಾಫ್ಟ್‌ನಿಂದ. ಮಾಲಿನ ಜಿಎಸ್‌ಟಿ ಮಾತ್ರ ಮುಂದಿನ ತಿಂಗಳೇ ಕಟ್ಟಬೇಕು, ನನಗೆ ದುಡ್ಡು ಬರಲಿ ಬಿಡಲಿ. ಆ ಕಂಪನಿ ಬಡ್ಡಿಯಿಲ್ಲದೆ ನನ್ನ ದುಡ್ಡಲ್ಲಿ ವ್ಯಾಪಾರ ಮಾಡುತ್ತದೆ, ಬಡ್ಡಿ ನಾನು ಕಟ್ಟುತ್ತೇನೆ.

2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲಿ ಹೊಸ ನಿಯಮ ಬಂತು. ಮಾಲು ಕೊಂಡ ಕಂಪನಿ ಹೊತ್ತಿಗೆ ಸರಿಯಾಗಿ ದುಡ್ಡು ಕೊಡದಿದ್ದರೆ, ಕೊಡುವ ವರ್ಷದವರೆಗೆ ಆ ಖರ್ಚನ್ನು ತನ್ನ ಆದಾಯದಿಂದ ಕಳೆಯುವಂತಿಲ್ಲ. ಖುಷಿಪಟ್ಟೆ. ಆದರೆ ಆ ಕಂಪನಿಯ ಖರೀದಿ ವಿಭಾಗದವರು ಫೋನ್ ಮಾಡಿ, ನಿಮ್ಮ ಸಣ್ಣ ಉದ್ಯಮದ ನೋಂದಣಿ ರದ್ದು ಮಾಡಿಸಿಕೊಂಡರೆ ಮಾತ್ರ ಆರ್ಡರ್ ಅಂದರು. ದೂರು ಕೊಡಲು ಸರ್ಕಾರದ ಪೋರ್ಟಲ್ ಇದೆ. ದೂರು ಕೊಟ್ಟರೆ ನಾಳೆ ಆರ್ಡರ್ ಯಾರು ಕೊಡ್ತಾರೆ?

ಗದಗ ಗಾಳಿ
ಈ ಕಥೆ ನಮಗೆ ಯಾರೂ ಹೇಳಿರಲಿಲ್ಲ ಸರ್. ಬೈದಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಹೊಲಿಗೆ ಅಕ್ಕ
ಸಂಬಳದ ಮಾತು ಬಂತಲ್ಲ, ನಾನೂ ಹೇಳುತ್ತೇನೆ. ಗಾರ್ಮೆಂಟ್ಸ್‌ನಲ್ಲಿ 19 ವರ್ಷ. ಬೆಳಿಗ್ಗೆ ಆರಕ್ಕೆ ಎದ್ದು ಅಡುಗೆ ಮಾಡಿಟ್ಟು ಒಂಬತ್ತಕ್ಕೆ ಲೈನಿನಲ್ಲಿ ಕೂರಬೇಕು. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. 2016ರ ಫೆಬ್ರುವರಿಯಲ್ಲಿ ಪಿಎಫ್ ದುಡ್ಡನ್ನು 58 ವರ್ಷದವರೆಗೆ ಪೂರ್ತಿ ತೆಗೆಯುವಂತಿಲ್ಲ ಅಂತ ನಿಯಮ ತಂದರು. ನೆನಪಿದೆಯಾ? ಏಪ್ರಿಲ್‌ನಲ್ಲಿ ಬೆಂಗಳೂರಿನ ರಸ್ತೆ ತುಂಬ ನಾವೇ ಇದ್ದೆವು. ಯಾವ ಲೀಡರೂ ಕರೆದಿರಲಿಲ್ಲ. ಎರಡೇ ದಿನದಲ್ಲಿ ನಿಯಮ ವಾಪಸ್ ತೆಗೆದುಕೊಂಡರು. ಯಾಕೆ ಅಷ್ಟು ಸಿಟ್ಟು ಬಂತು ಗೊತ್ತಾ? ಮಗಳ ಮದುವೆ, ಗಂಡನ ಆಪರೇಷನ್, ಮನೆ ಅಡ್ವಾನ್ಸು, ಎಲ್ಲಕ್ಕೂ ನಮಗಿರುವುದು ಅದೊಂದೇ ದುಡ್ಡು.

30ಕ್ಕಿಂತ ಜಾಸ್ತಿ ಹೆಂಗಸರಿದ್ದರೆ ಮಕ್ಕಳನ್ನು ನೋಡಿಕೊಳ್ಳುವ ಕೋಣೆ ಇರಬೇಕು ಅಂತ 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ ಇತ್ತು. ನಾನು ಮೊದಲು ಇದ್ದ ಕಡೆ ಕೋಣೆ ಇತ್ತು, ಆಯಾ ಇರಲಿಲ್ಲ. ಮಗು ಹುಟ್ಟಿದ ಮೇಲೆ ನನ್ನ ಜೊತೆಯವರು ಎಷ್ಟು ಜನ ಕೆಲಸ ಬಿಟ್ಟರು ಅಂತ ಲೆಕ್ಕ ಇಟ್ಟಿಲ್ಲ. ಕೆಲಸ ಕಲಿತ ಕೈಗಳು ಮನೆಯಲ್ಲಿ ಕೂತವು. ಇದೂ ದೇಶಕ್ಕೆ ನಷ್ಟ ಅಲ್ವಾ ಮೇಷ್ಟ್ರೇ?

ಲೆಕ್ಕದ ಮೇಷ್ಟ್ರು
ದೊಡ್ಡ ನಷ್ಟ ಅಕ್ಕ. ದುಡಿಮೆಯಲ್ಲಿರುವ ಅಥವಾ ದುಡಿಮೆ ಹುಡುಕುತ್ತಿರುವ ಹೆಂಗಸರು 2017-18ರಲ್ಲಿ ಶೇ 23 ಇದ್ದರು, 2023-24ಕ್ಕೆ ಶೇ 41.7 ಆಗಿದ್ದಾರೆ. ಕೇಳಲು ಚೆನ್ನಾಗಿದೆ. ಆದರೆ ಆ ಏರಿಕೆಯಲ್ಲಿ ಬಹುಪಾಲು ಸ್ವಂತ ಹೊಲದ ಕೆಲಸ, ಹಸು ನೋಡಿಕೊಳ್ಳುವುದು, ಮನೆಯ ಅಂಗಡಿಯಲ್ಲಿ ನೆರವಾಗುವುದು. ನಿಮ್ಮ ಹಾಗೆ ತಿಂಗಳ ಸಂಬಳ, ಪಿಎಫ್ ಇರುವವರು ಕಡಿಮೆ.

ಮಲ್ನಾಡ್ ಮಳೆ
ಬಾಂಗ್ಲಾದೇಶ ಸಿದ್ಧ ಉಡುಪಿನ ರಫ್ತಿನಲ್ಲಿ ನಮ್ಮ ಎರಡರಷ್ಟಕ್ಕಿಂತ ಮೇಲಿದೆ. ಜನಸಂಖ್ಯೆಯಲ್ಲಿ ನಮ್ಮ ಎಂಟನೇ ಒಂದು ಭಾಗದ ದೇಶ. ಹತ್ತಿ ನಮ್ಮಲ್ಲಿ ಬೆಳೆಯುತ್ತದೆ, ನೂಲು ಇಲ್ಲಿಂದ ಅಲ್ಲಿಗೆ ಹೋಗುತ್ತದೆ, ಅಂಗಿ ಅಲ್ಲಿ ಹೊಲಿಯುತ್ತಾರೆ. ಒಂದೇ ಸೂರಿನಡಿ ಸಾವಿರಾರು ಜನ ಕೆಲಸ ಮಾಡುವ ಫ್ಯಾಕ್ಟರಿಗಳು ಅಲ್ಲಿವೆ. ನಮ್ಮಲ್ಲಿ ಬಹುಪಾಲು ಚಿಕ್ಕ ಚಿಕ್ಕವು. ಯಾಕೆ ಹೀಗೆ?

ಬಿಟಿಎಂ ಹುಡುಗ
ಕಾರ್ಮಿಕ ಕಾನೂನು. 100 ಜನಕ್ಕೆ ಮುಟ್ಟಿದರೆ ಒಬ್ಬರನ್ನು ತೆಗೆಯಲೂ ಸರ್ಕಾರದ ಅನುಮತಿ ಬೇಕಿತ್ತು. ಹಾಗಾಗಿ ಬಹಳ ಜನ 99 ದಾಟಲು ಹಿಂಜರಿದರು. 2020ರ ಸಂಹಿತೆಯಲ್ಲಿ ಅದನ್ನು 300ಕ್ಕೆ ಏರಿಸಿದರು. ಇದು ಮೂವತ್ತು ವರ್ಷ ಮುಂಚೆ ಆಗಬೇಕಿತ್ತು.

ಹೊಲಿಗೆ ಅಕ್ಕ
ಸುಮ್ನೆ ಕಾನೂನಿನ ಮೇಲೆ ಹಾಕಬೇಡಿ ತಮ್ಮಾ. ನಾನಿದ್ದ ಫ್ಯಾಕ್ಟರಿಯಲ್ಲಿ 600 ಜನ ಇದ್ದೆವು. ಒಂದು ಸೋಮವಾರ ಹೋದರೆ ಗೇಟಿಗೆ ಬೀಗ. ಯಾವ ಅನುಮತಿಯೂ ಕೇಳಲಿಲ್ಲ. ಮೂರು ತಿಂಗಳ ಸಂಬಳಕ್ಕೆ ಲೇಬರ್ ಆಫೀಸಿಗೆ ಅಲೆದು ಚಪ್ಪಲಿ ಸವೆಯಿತು.

ಪೀಣ್ಯ ಲೇತ್
ಬಿಟಿಎಂ ಅವರೇ, ನನ್ನ ಹತ್ತಿರ 14 ಜನ. ನನಗೂ 100ರ ನಿಯಮಕ್ಕೂ ಸಂಬಂಧವೇ ಇಲ್ಲ. ನನ್ನನ್ನು ಬೆಳೆಯಲು ಬಿಡದಿರುವುದು ಜಾಗದ ಬೆಲೆ, ಸಾಲದ ಬಡ್ಡಿ, ತಡವಾಗಿ ಬರುವ ದುಡ್ಡು. ಈ ಸುತ್ತಮುತ್ತ ಒಂದು ಸಣ್ಣ ಶೆಡ್ಡಿಗೂ ಕೋಟಿಯ ಮಾತು ಆಡುತ್ತಾರೆ.

ಕಡಲ ತೀರ
ನಾನು ಕುಂದಾಪುರದ ಕಡೆಯವನು. ನಮ್ಮಲ್ಲಿ ಈ ಪ್ರಶ್ನೆಗೆ ಹಿಂದಿನವರು ಮುಂಬೈ ಹೋಟೆಲು ಅಂತ ಉತ್ತರ ಕಂಡುಕೊಂಡರು, ಆಮೇಲಿನವರು ಗಲ್ಫ್. 2024ರಲ್ಲಿ ಹೊರದೇಶದಲ್ಲಿ ದುಡಿಯುವ ಭಾರತೀಯರು ಊರಿಗೆ ಕಳಿಸಿದ್ದು ಸುಮಾರು 129 ಬಿಲಿಯನ್ ಡಾಲರ್, ಜಗತ್ತಿನಲ್ಲೇ ಜಾಸ್ತಿ. ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಹೊರಗಿಂದ ತರುವ ದೇಶ ನಾವು. ಆ ಡಾಲರ್ ಬಿಲ್ಲನ್ನು ತೂಗಿಸುವುದರಲ್ಲಿ ದುಬೈ, ಕತಾರ್‌ನಲ್ಲಿ ಬಿಸಿಲಲ್ಲಿ ನಿಂತವರ ಪಾಲು ದೊಡ್ಡದು. ಇದನ್ನು ಯಾರೂ ನೆನೆಸುವುದಿಲ್ಲ.

ತುಮಕೂರು ಹಳಬ
ಡಾಲರ್ ಅಂದಾಗ 1991 ನೆನಪಾಯಿತು. ಆಗ ನಾನು ಬ್ಯಾಂಕಿನಲ್ಲಿ ಗುಮಾಸ್ತ. ಎರಡು ಮೂರು ವಾರದ ಆಮದಿಗೆ ಸಾಕಾಗುವಷ್ಟು ವಿದೇಶಿ ಹಣ ಉಳಿದಿತ್ತು. ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಹೊರದೇಶಕ್ಕೆ ಕಳಿಸಿ ಅಡವಿಟ್ಟಿತು. ಮನೆಯ ತಾಳಿ ಅಡವಿಟ್ಟ ಹಾಗೆ ಅನ್ನಿಸಿತ್ತು ನಮಗೆ. ಇವತ್ತು ಆ ಭಯ ಇಲ್ಲ. ರೂಪಾಯಿ ಸ್ವಲ್ಪ ಬಿದ್ದರೆ ಎಲ್ಲ ಮುಳುಗಿತು ಅಂತ ಕೂಗುವವರಿಗೆ ಇದನ್ನು ಹೇಳಬೇಕು. ಆದರೆ 1990ರಲ್ಲಿ ಚೀನಾದವರ ತಲಾ ಆದಾಯ ನಮ್ಮಷ್ಟೇ, ಇನ್ನೂ ಒಂದು ಕೈ ಕಡಿಮೆಯೇ ಇತ್ತು. ಈಗ ಅವರದು 12,000 ಡಾಲರ್ ದಾಟಿದೆ, ನಮ್ಮದು 2,700ರ ಹತ್ತಿರ. ಅವರು ಹಳ್ಳಿಯ ಜನರನ್ನು ಫ್ಯಾಕ್ಟರಿಗೆ ತಂದರು. ನಾವು ನೇರ ಸಾಫ್ಟ್‌ವೇರಿಗೆ ಹಾರಿದೆವು. ಅಲ್ಲಿಗೆ ಇಂಗ್ಲಿಷ್ ಬಲ್ಲ ಕೆಲವರಿಗೆ ಮಾತ್ರ ಬಾಗಿಲು.

ಮಲ್ನಾಡ್ ಮಳೆ
2014ರಲ್ಲಿ ಮೇಕ್ ಇನ್ ಇಂಡಿಯಾ ಶುರುವಾದಾಗ ದೇಶದ ಗಳಿಕೆಯಲ್ಲಿ ತಯಾರಿಕೆಯ ಪಾಲನ್ನು ಶೇ 25ಕ್ಕೆ ಏರಿಸುತ್ತೇವೆ ಅಂದಿದ್ದರು. ಇನ್ನೂ ಶೇ 17ರ ಆಸುಪಾಸಿನಲ್ಲೇ ಇದೆ, ಕೆಲವು ಲೆಕ್ಕದಲ್ಲಿ ಇನ್ನೂ ಕಡಿಮೆ. ಮೊಬೈಲ್ ಜೋಡಣೆ ಬೆಳೆದಿದೆ, ಅದನ್ನು ಒಪ್ಪಬೇಕು. ದೇವನಹಳ್ಳಿ, ನರಸಾಪುರದ ಕಡೆ ಹೋದರೆ ಕಾಣುತ್ತದೆ.

ಬಯಲುಸೀಮೆ
ಎಲ್ಲರೂ ಫ್ಯಾಕ್ಟರಿ ಅಂತಿದ್ದೀರಿ, ದುಡ್ಡು ಎಲ್ಲಿಂದ ಬರಬೇಕು? ನಮ್ಮ ರಾಜ್ಯ ಕಟ್ಟುವ ತೆರಿಗೆಯಲ್ಲಿ ವಾಪಸ್ ಎಷ್ಟು ಬರುತ್ತದೆ? ಕೇಂದ್ರ ಎಲ್ಲ ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇತ್ತು, 15ನೇ ಆಯೋಗ 3.647ಕ್ಕೆ ಇಳಿಸಿತು. ಇದು ಅನ್ಯಾಯ.

ಬಿಟಿಎಂ ಹುಡುಗ
ಬಂದ ದುಡ್ಡನ್ನೂ ಫ್ರೀ ಬಸ್ಸಿಗೆ, ತಿಂಗಳ 2,000ಕ್ಕೆ ಹಂಚಿದರೆ ರಸ್ತೆ, ಕರೆಂಟು, ಕೈಗಾರಿಕಾ ಪ್ರದೇಶ ಮಾಡುವುದು ಹೇಗೆ?

ಹೊಲಿಗೆ ಅಕ್ಕ
ಫ್ರೀ ಬಸ್ಸಿನ ಬಗ್ಗೆ ನನ್ನನ್ನು ಕೇಳಿ. ಬಿಎಂಟಿಸಿ ಪಾಸಿಗೆ ತಿಂಗಳಿಗೆ ಸಾವಿರದ ಮೇಲೆ ಹೋಗುತ್ತಿತ್ತು. 2023ರ ಜೂನ್ ಆದ ಮೇಲೆ ಅದು ಉಳಿಯಿತು. ಮೊದಲು ನಡೆದು ಹೋಗುವಷ್ಟು ಹತ್ತಿರದ ಫ್ಯಾಕ್ಟರಿಯಲ್ಲಿ ಕೊಟ್ಟಷ್ಟು ತೆಗೆದುಕೊಳ್ಳುತ್ತಿದ್ದವರು ಈಗ ಹತ್ತು ಕಿಲೋಮೀಟರ್ ಆಚೆ 1,500 ಜಾಸ್ತಿ ಕೊಡುವ ಕಡೆಗೆ ಹೋಗುತ್ತಿದ್ದಾರೆ. ನನ್ನ ಲೈನಿನಲ್ಲೇ ಮೂವರು ಹೀಗೆ ಬದಲಾಯಿಸಿದರು.

ಬಿಟಿಎಂ ಹುಡುಗ
ಬಸ್ಸಿನ ವಿಷಯದಲ್ಲಿ ನಿಮ್ಮ ಮಾತು ಯೋಚಿಸುವಂತಿದೆ ಅಕ್ಕ. ಉಳಿದದ್ದರಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಸಾಲ ತಂದು ಹಂಚಬಾರದು.

ನಿರ್ವಾಹಕ
ಪಕ್ಷಗಳ ಹೆಸರು ಬರುವ ಮೊದಲೇ ಹೇಳುತ್ತಿದ್ದೇನೆ. ತೆರಿಗೆ ಪಾಲಿನ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ಮೂಲ ಪ್ರಶ್ನೆಗೆ ಬನ್ನಿ.

ರಾಯಚೂರು ಟೀಚರ್
ತಡವಾಗಿ ಓದಿದೆ, ಕ್ಷಮಿಸಿ. ನಾನು ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಎಲ್ಲರೂ 27ರ ಹುಡುಗನ ಬಗ್ಗೆ ಮಾತಾಡುತ್ತಿದ್ದೀರಿ, ನಾನು ಹತ್ತು ವರ್ಷದವರ ಬಗ್ಗೆ ಹೇಳುತ್ತೇನೆ. ಗ್ರಾಮೀಣ ಭಾರತದ 5ನೇ ತರಗತಿಯ ಮಕ್ಕಳಲ್ಲಿ ಸುಮಾರು ಅರ್ಧ ಜನಕ್ಕೆ 2ನೇ ತರಗತಿಯ ಪಾಠ ಓದಲು ಬರುವುದಿಲ್ಲ ಅಂತ ಅಸರ್ ಸಮೀಕ್ಷೆ ವರ್ಷಗಳಿಂದ ಹೇಳುತ್ತಿದೆ. ನನ್ನ ತರಗತಿಯೂ ಹಾಗೇ ಇದೆ.

ಕಾರಣ ಮಕ್ಕಳಲ್ಲ. ದೀಪಾವಳಿ ಮುಗಿಯುತ್ತಿದ್ದಂತೆ ಗುಳೆ ಶುರು. ತಂದೆ ತಾಯಿ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಮಕ್ಕಳನ್ನು ಕರೆದುಕೊಂಡೇ ಹೋಗುತ್ತಾರೆ, ಮನೆಯಲ್ಲಿ ನೋಡುವವರಿಲ್ಲ. ಯುಗಾದಿ ಹೊತ್ತಿಗೆ ಬರುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತದೆ, ಬೆಂಚು ಖಾಲಿ. ಕಳೆದ ವರ್ಷ ಒಬ್ಬ ಹುಡುಗಿ ವಾಪಸ್ ಬಂದಾಗ ತನ್ನ ಹೆಸರು ಬರೆಯುವುದನ್ನೂ ಮರೆತಿದ್ದಳು. ನಾಲ್ಕನೇ ತರಗತಿ. ಇವಳು 20 ವರ್ಷದವಳಾದಾಗ ಯಾವ ಫ್ಯಾಕ್ಟರಿ ಬಂದರೂ ಯಾವ ಕೆಲಸ ಕೊಡುತ್ತಾರೆ? ಆ ಹೊತ್ತಿಗೆ ಯಂತ್ರ ನಡೆಸಲು ಓದು ಬರಲೇಬೇಕು.

ಗದಗ ಗಾಳಿ
ಟೀಚರ್, ಇದನ್ನು ಓದಿ ಮಾತೇ ಬರಲಿಲ್ಲ.

ಲೆಕ್ಕದ ಮೇಷ್ಟ್ರು
ಗುಳೆ ಹೋದ ಮಕ್ಕಳಿಗೆ ಹಾಸ್ಟೆಲ್ ಇದ್ದರೆ ಉಳಿಯುತ್ತಾರಾ ಮೇಡಂ?

ರಾಯಚೂರು ಟೀಚರ್
ಅಜ್ಜಿ ಇರುವ ಮನೆಯವರು ಬಿಟ್ಟು ಹೋಗುತ್ತಾರೆ ಸರ್. ಊಟ, ಮಲಗಲು ಜಾಗ ಸಿಕ್ಕರೆ ಬಹಳ ಮಕ್ಕಳು ಉಳಿಯುತ್ತಾರೆ. ಇನ್ನೂ ಒಂದು ಮುಖ್ಯ. ದೀಪಾವಳಿ ಆದ ಮೇಲೆ ಊರಲ್ಲೇ ನಾಲ್ಕು ತಿಂಗಳು ಕೂಲಿ ಸಿಕ್ಕು, ಕೂಲಿ ಹಣ ಹೊತ್ತಿಗೆ ಸರಿಯಾಗಿ ಬಂದರೆ ಅರ್ಧ ಜನ ಗುಳೆ ಹೋಗುವುದೇ ಇಲ್ಲ.

ಮಲ್ನಾಡ್ ಮಳೆ
ಹೊಲದ ವಿಷಯ ಅರ್ಧಕ್ಕೆ ನಿಂತಿತು. ಯೂರಿಯಾ 45 ಕೆಜಿ ಚೀಲಕ್ಕೆ 266 ರೂಪಾಯಿ 50 ಪೈಸೆ, ಡಿಎಪಿ 50 ಕೆಜಿಗೆ 1,350. ಹಾಗಾಗಿ ರೈತ ಯೂರಿಯಾ ಜಾಸ್ತಿ ಸುರಿಯುತ್ತಾನೆ, ಮಣ್ಣು ಕೆಡುತ್ತದೆ. ಸರ್ಕಾರ ಯೂರಿಯಾಕ್ಕೆ ಕೊಡುವ ಸಬ್ಸಿಡಿಯ ಸ್ವಲ್ಪ ಪಾಲು ಶೈತ್ಯಾಗಾರ, ಗೋದಾಮಿಗೆ ಹೋಗಿದ್ದರೆ ಎರಡು ಎಕರೆಯವನೂ ಬೆಲೆ ಬರುವವರೆಗೆ ಕಾಯಬಹುದಿತ್ತು.

ಹಾವೇರಿ ಮಣ್ಣು
ಇದು ನಿಜ. ಬ್ಯಾಡಗಿಯಲ್ಲಿ ಶೈತ್ಯಾಗಾರಗಳು ಇವೆ, ಮೆಣಸಿನಕಾಯಿ ಇಡುತ್ತಾರೆ. ಆದರೆ ಇಡುವವರು ಬಹಳ ಮಟ್ಟಿಗೆ ವರ್ತಕರು ಮತ್ತು ದೊಡ್ಡ ರೈತರು. ನಮ್ಮ ಅಣ್ಣ ಸಾಲ ತೀರಿಸಬೇಕಾದ್ದರಿಂದ ರಾಶಿ ಆದ ವಾರದಲ್ಲೇ ಮಾರುತ್ತಾನೆ.

ಎಲ್ಲರಿಗೂ ಧನ್ಯವಾದ. ಈ ಎಳೆಯನ್ನು ಅಣ್ಣನ ಮಗನಿಗೆ ಕಳಿಸಿದ್ದೆ. ರಾತ್ರಿ ಕೂತು ಪೂರ್ತಿ ಓದಿದ್ದಾನೆ. ಗದಗದವರು ಬರೆದ ಖರ್ಚಿನ ಲೆಕ್ಕವನ್ನು ಎರಡು ಸಲ ಓದಿದೆ ಕಾಕಾ ಅಂದ. ಪರೀಕ್ಷೆ ಬಿಡುವ ಮನಸ್ಸು ಅವನಿಗೆ ಪೂರ್ತಿ ಇಲ್ಲ, ನಾನೂ ಬಿಡು ಅಂತ ಹೇಳಿಲ್ಲ. ಪೀಣ್ಯದವರಿಗೆ ಎರಡು ಪ್ರಶ್ನೆ ಕೇಳಲು ಹೇಳಿದ. ಉಳಿಯಲು ಜಾಗದ ವ್ಯವಸ್ಥೆ ಇದೆಯಾ? ಪರೀಕ್ಷೆ ಬಂದಾಗ ನಾಲ್ಕು ದಿನ ರಜೆ ಕೊಡುತ್ತೀರಾ?

ಪೀಣ್ಯ ಲೇತ್
ನನ್ನ ಹತ್ತಿರ ಇಬ್ಬರು ಹುಡುಗರು ದಾಸರಹಳ್ಳಿಯಲ್ಲಿ ರೂಮ್ ಮಾಡಿದ್ದಾರೆ. ಬಾಡಿಗೆ 7,500, ಮೂರನೆಯವರಿಗೆ ಜಾಗ ಇದೆ. ಅವರೇ ಅಡುಗೆ ಮಾಡಿಕೊಳ್ಳುತ್ತಾರೆ. ಶಾಪಿಗೆ ನಡೆದು ಬರುವಷ್ಟು ದೂರ. ಪರೀಕ್ಷೆಗೆ ರಜೆ ಖಂಡಿತ ಕೊಡುತ್ತೇನೆ, ಒಂದು ವಾರ ಮೊದಲು ಹೇಳಿದರೆ ಸಾಕು. ಐಟಿಐ ಮುಗಿಸಿ ಐದಾರು ವರ್ಷ ಆಗಿದೆ ಅಂದರೆ ಕೈ ಮತ್ತೆ ಹದಕ್ಕೆ ಬರಲು ಎರಡು ತಿಂಗಳು ಬೇಕು. ಆ ಎರಡು ತಿಂಗಳೂ ಪೂರ್ತಿ ಸಂಬಳ ಕೊಡುತ್ತೇನೆ. ಸೋಮವಾರ ಬಂದು ಶಾಪ್ ನೋಡಲಿ. ಇಷ್ಟವಾದರೆ ಮುಂದಿನ ಮಾತು. ನಂಬರ್ ಖಾಸಗಿ ಸಂದೇಶದಲ್ಲಿ ಕಳಿಸಿದ್ದೇನೆ.

ಹಾವೇರಿ ಮಣ್ಣು
ಸಂದೇಶ ಬಂತು ಸರ್. ಭಾನುವಾರ ರಾತ್ರಿ ಬಸ್ಸಿಗೆ ಹೊರಡುತ್ತಾನೆ.

ಹೊಲಿಗೆ ಅಕ್ಕ
ಪಿಎಫ್ ನಂಬರ್ ಮೊದಲ ತಿಂಗಳೇ ಕೇಳಿ ಬರೆದಿಟ್ಟುಕೊಳ್ಳಲು ಹೇಳಿ. ಸಂಬಳದ ಚೀಟಿ ಒಂದನ್ನೂ ಬಿಸಾಡಬಾರದು. ಪೀಣ್ಯದ ಅಣ್ಣ ಬೇಜಾರು ಮಾಡಿಕೊಳ್ಳಬೇಡಿ, ನಾನು ಎಲ್ಲ ಹುಡುಗರಿಗೂ ಇದನ್ನೇ ಹೇಳುವುದು.

ಪೀಣ್ಯ ಲೇತ್
ಬೇಜಾರೇನಿಲ್ಲ ಅಕ್ಕ. ಸರಿಯಾಗಿಯೇ ಹೇಳಿದಿರಿ.